ಕುತ್ತಿಗೆಯಿಲ್ಲದ ಹೂಗಳ್ಳ

ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದ ಮನುಷ್ಯ ನಿವೃತ್ತನಾದ ಮೇಲೆ ಏನನ್ನು ಕಂಟ್ರೋಲ್ ಮಾಡಬೇಕು ಎಂಬುದಕ್ಕೆ ಯಾವ ನಿಯಮಾವಳಿಯಲ್ಲೂ ಉತ್ತರವಿಲ್ಲ. ಬೆನಕಪ್ಪನವರು ಮೊದಲು ಹೆಂಡತಿ ರುದ್ರಾಣಿಯಮ್ಮನ ಮೇಲೆ ಪ್ರಯತ್ನ ಮಾಡಿದರು. ಆಗಲಿಲ್ಲ. ಆಮೇಲೆ ಬೀದಿಯ ನಾಯಿಗಳ ಮೇಲೆ ಮಾಡಿದರು. ಅವು ರುದ್ರಾಣಿಯಮ್ಮನಿಗಿಂತ ಸ್ವಲ್ಪ ಹೆಚ್ಚು ಮಾತು ಕೇಳಿದವು, ಆದರೆ ಅದರಲ್ಲಿ ಘನತೆ ಕಾಣಲಿಲ್ಲ. ಕೊನೆಗೆ ಮನೆಯ ಮುಂಬಾಗಿಲ ಮೇಲೆ, ಸಜ್ಜೆಯ ಕೆಳಗೆ, ಒಂದು ಕ್ಯಾಮೆರಾ ಹಾಕಿಸಿದರು.

ಜನರಿಗೆ ಹೇಳಿದ ಕಾರಣ ಹೂವು. ನಮ್ಮ ಕಡೆ ಬೆಳಗಿನ ಜಾವ ಕೈಯಲ್ಲೊಂದು ಪ್ಲಾಸ್ಟಿಕ್ ಕವರ್ ಹಿಡಿದು ವಾಕಿಂಗ್ ಹೊರಡುವವರೆಲ್ಲ ವಾಕಿಂಗಿಗೇ ಹೊರಟವರಲ್ಲ. ಬೇರೆಯವರ ಕಾಂಪೌಂಡಿನ ಹೂವು ತಮ್ಮ ಮನೆಯ ದೇವರಿಗೆ ಬಹಳ ಇಷ್ಟ ಎಂದು ಅವರಿಗೆ ಹೇಗೋ ತಿಳಿದಿರುತ್ತದೆ. ದೇವರಿಗೆ ಕಿತ್ತ ಹೂವು ಕಳ್ಳತನದ ಲೆಕ್ಕಕ್ಕೆ ಬರುವುದಿಲ್ಲ ಎಂಬ ಕಾನೂನನ್ನು ಎಲ್ಲರೂ ಒಪ್ಪಿದ್ದಾರೆ, ಗಿಡದ ಯಜಮಾನನೊಬ್ಬನನ್ನು ಬಿಟ್ಟು. ಬೆನಕಪ್ಪನವರ ಅಂಗಳದಲ್ಲಿ ತಿಳಿಹಳದಿ ಬಣ್ಣದ, ಊಟದ ತಟ್ಟೆಯಷ್ಟು ಅಗಲದ ದಾಸವಾಳ ಬಿಡುತ್ತಿತ್ತು. ಮಗಳು ಕಾವ್ಯಶ್ರೀ ತಾನು ಪಾಠ ಮಾಡುವ ನ್ಯಾಮತಿಯಿಂದ ತಂದು ನೆಟ್ಟದ್ದು. ಇಡೀ ಚನ್ನಗಿರಿಯಲ್ಲಿ ಇಂಥದ್ದು ಇನ್ನೊಂದಿಲ್ಲ ಎಂದು ಬೆನಕಪ್ಪನವರು ಹೇಳುತ್ತಿದ್ದರು. ಇಡೀ ಚನ್ನಗಿರಿಯನ್ನು ಅವರು ನೋಡಿರಲಿಲ್ಲ, ನೋಡಿದ್ದು ಬಸ್ ಸ್ಟ್ಯಾಂಡನ್ನು ಮಾತ್ರ. ಆದರೂ ಮಾತಿನಲ್ಲಿ ಧೈರ್ಯವಿತ್ತು.

ನಿಜವಾದ ಕಾರಣ ಬೀಗರು. ಕಾವ್ಯಶ್ರೀಗೆ ನ್ಯಾಮತಿ ಬಸ್ಸಿನಲ್ಲಿ ಹೊನ್ನಾಳಿ ತಾಲ್ಲೂಕು ಕಚೇರಿಯ ಸರ್ವೆಯರ್ ಅರುಣ್ ಕುಮಾರ್ ಪರಿಚಯವಾಗಿದ್ದ. ಇಬ್ಬರೂ ಮದುವೆಯ ವಿಷಯ ತೀರ್ಮಾನ ಮಾಡಿ ಆಗಿತ್ತು. ತೀರ್ಮಾನ ಮಾಡಿದವರು ತಾವೇ ಎಂದು ಹಿರಿಯರಿಗೆ ಅನ್ನಿಸುವಂತೆ ಮಾಡುವುದೊಂದು ಬಾಕಿ ಇತ್ತು. ಅರುಣನ ತಂದೆ ತಿಪ್ಪೇಶಪ್ಪನವರು ಜಗಳೂರಿನಲ್ಲಿ ಮೆಕ್ಕೆಜೋಳ, ಶೇಂಗಾ ವ್ಯಾಪಾರದ ದೊಡ್ಡ ಕುಳ. ಹುಡುಗಿಯ ಬಗ್ಗೆ ಅವರ ತಕರಾರಿರಲಿಲ್ಲ. ಆದರೆ, "ಹುಡುಗಿ ನೋಡಾಕೆ ಒಂದು ತಾಸು ಸಾಕು, ಮನೆತನ ನೋಡಾಕೆ ಟೈಮ್ ಬೇಕು" ಎಂದು ಹೇಳಿ ದಸರೆಯ ಹೊತ್ತಿಗೆ ಚನ್ನಗಿರಿಗೆ ಬಂದು ತಂಗಿಯ ಮನೆಯಲ್ಲಿ ಉಳಿದುಕೊಂಡರು. ತಂಗಿ ಕಸ್ತೂರಮ್ಮನ ಮನೆ ಬೆನಕಪ್ಪನವರ ಮನೆಗೆ ನೇರ ಎದುರು. ಅಲ್ಲಿ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ತಿಪ್ಪೇಶಪ್ಪನವರು ದಿನವಿಡೀ ಮನೆತನ ನೋಡುತ್ತಿದ್ದರು. ಈ ಕಡೆಯಿಂದ ಮನೆತನವೂ ಅವರನ್ನು ನೋಡಬೇಕಲ್ಲ, ಅದಕ್ಕೆ ಕ್ಯಾಮೆರಾ.

ಹೊನ್ನಾಳಿಯಿಂದ ಬಂದು ಕ್ಯಾಮೆರಾ ಕೂರಿಸಿದ ಮುತ್ತುರಾಜ್ ಅದರ ಗುಣಗಾನ ಮಾಡಿದ್ದ. ಕತ್ತಲಲ್ಲೂ ಕಾಣುತ್ತದೆ, ಚಿತ್ರ ಟಿವಿಯಲ್ಲೂ ಬರುತ್ತದೆ, ಮೊಬೈಲಿನಲ್ಲೂ ಬರುತ್ತದೆ. "ಮಾತೂ ಹಿಡಿತೈತ್ರೀ ಯಜಮಾನ್ರೇ. ಗೇಟಿನತ್ರ ಯಾರಾದ್ರೂ ನಿಮ್ಮನ್ನ ಬೈದ್ರೆ ಸೋಫಾದಾಗೆ ಕುಂತು ಕೇಳ್ಬಹುದು" ಎಂದಿದ್ದ. ಈ ಸೌಲಭ್ಯ ಬೆನಕಪ್ಪನವರಿಗೆ ಬಹಳ ಹಿಡಿಸಿತು.

ಆಯುಧಪೂಜೆ ಬಂತು. ಕೊಯ್ಯುವುದು, ತಿರುಗುವುದು, ಕಾಯುವುದು, ಉರಿಯುವುದು, ಇವೆಲ್ಲಕ್ಕೂ ಪೂಜೆಯಾಗಬೇಕು ಎಂಬುದು ರುದ್ರಾಣಿಯಮ್ಮನ ಸೂತ್ರ. ಸ್ಕೂಟರಿಗಾಯಿತು, ಮಿಕ್ಸಿಗಾಯಿತು, ಈಳಿಗೆ ಮಣೆಗೆ, ಬೋರಿನ ಸ್ಟಾರ್ಟರಿಗೆ, ಗ್ಯಾಸ್ ಲೈಟರಿಗೆ ಆಯಿತು. ಕ್ಯಾಮೆರಾ ಎತ್ತರದಲ್ಲಿತ್ತು. ಬೆನಕಪ್ಪನವರು ಸ್ಟೂಲ್ ಹತ್ತಿದರು. ವಿಭೂತಿಯನ್ನು ನೀರಿನಲ್ಲಿ ಕಲಸಿ, ಮೂರು ಬೆರಳು ಅದ್ದಿ, ಎಡದಿಂದ ಬಲಕ್ಕೆ ಮೂರು ಪಟ್ಟೆ ಎಳೆದರು. ದೀಪದ ಎಣ್ಣೆಯಾಗಿದ್ದ ಬೆರಳಿನಿಂದ ನಡುವೆ ಒಂದು ಕುಂಕುಮದ ಬೊಟ್ಟು ಇಟ್ಟರು.

"ಹಣೆಗೆ ಸರಿಯಾಗಿ ಹಚ್ಚಿದ್ರಾ?" ಎಂದು ಕೆಳಗಿನಿಂದ ರುದ್ರಾಣಿಯಮ್ಮ ಕೇಳಿದರು.

"ಇದಕ್ಕೆ ಹಣೆ ಎಲ್ಲೈತೆ? ಇರೋದೇ ಒಂದು ಕಣ್ಣು."

"ಹಂಗಾರೆ ಅದಕ್ಕೇ ಹಚ್ರಿ."

ಅದಕ್ಕೇ ಹಚ್ಚಿದ್ದರು.

ಬೆಳಕಿನ ಪಾಠ ಓದಿದವರಿಗೆ ಈ ಕತೆಯ ರಹಸ್ಯ ಇಲ್ಲಿಗೇ ಮುಗಿಯಿತು. ಮಸೂರಕ್ಕೆ ಅಂಟಿಕೊಂಡ ವಸ್ತು ಚಿತ್ರದಲ್ಲಿ ತನ್ನ ರೂಪದಲ್ಲಿ ಕಾಣುವುದಿಲ್ಲ. ಪಟ್ಟೆಯು ಪಟ್ಟೆಯಾಗಿ ಕಾಣದೆ ಮಂಜಾಗಿ ಕಾಣುತ್ತದೆ. ಎಣ್ಣೆ ತನಗೆ ತೋಚಿದ ಕಡೆ ಬೆಳಕನ್ನು ಬಗ್ಗಿಸುತ್ತದೆ. ಕತ್ತಲಲ್ಲಿ ಕ್ಯಾಮೆರಾ ತಾನೇ ಚೆಲ್ಲುವ ಕಣ್ಣಿಗೆ ಕಾಣದ ಬೆಳಕು ವಿಭೂತಿಗೆ ಬಡಿದು ಮನೆಗೇ ವಾಪಸಾಗುತ್ತದೆ. ಆದರೆ ಬೀದಿಯ ಜನರಿಗೆ ಇದು ಹೊಳೆಯಲಿಲ್ಲ ಎಂದು ನಗುವ ಮುಂಚೆ ಒಂದು ಸಂಗತಿ ಗಮನಿಸಬೇಕು. ಆಯುಧಪೂಜೆಯಾದ ಮೇಲೆ ನಮ್ಮ ಕಡೆ ಬಸ್ಸು, ಜೀಪು, ಆಟೊ, ಟ್ರ್ಯಾಕ್ಟರು, ತಕ್ಕಡಿ, ಜೆರಾಕ್ಸ್ ಮಷಿನ್ನು ಎಲ್ಲವೂ ತಿಂಗಳುಗಟ್ಟಲೆ ವಿಭೂತಿ ಧರಿಸಿಯೇ ಇರುತ್ತವೆ. ಯಾರೂ ಒರೆಸುವುದಿಲ್ಲ. ಒರೆಸುವುದು ಹಾಗಿರಲಿ, ಯಾರ ಕಣ್ಣಿಗೂ ಅದು ಬೀಳುವುದೇ ಇಲ್ಲ. ಒಂದು ಯಂತ್ರಕ್ಕೆ ವಿಭೂತಿ ಇಲ್ಲದಿದ್ದರೆ ಮಾತ್ರ ಜನ ನಿಂತು ನೋಡುತ್ತಾರೆ.

ಮರುದಿನ ಬೆಳಿಗ್ಗೆ ಬೆನಕಪ್ಪನವರು ಮೊಬೈಲ್ ತೆರೆದಾಗ ಗೇಟು ಬಿಲ್ಲಿನಂತೆ ಬಾಗಿತ್ತು. ತುಳಸಿಕಟ್ಟೆ ಎರಡು ಪಾಲಾಗಿತ್ತು. ಅಷ್ಟರಲ್ಲಿ ಗೇಟು ತೆಗೆದು ಒಂದು ಆಕೃತಿ ಒಳಗೆ ಬಂತು. ಅಗಲದಲ್ಲಿ ಅದು ಗೇಟಿಗೆ ಸಮನಾಗಿತ್ತು. ಕುತ್ತಿಗೆ ಎಂಬ ಅಂಗವೇ ಇರಲಿಲ್ಲ. ಕಳಶದ ಮೇಲೆ ತೆಂಗಿನಕಾಯಿ ಕೂರಿಸಿದಂತೆ ಭುಜದ ಮೇಲೆ ನೇರ ತಲೆ. ಬೆನಕಪ್ಪನವರು ಕರ್ತವ್ಯಪ್ರಜ್ಞೆಯ ಮನುಷ್ಯ. ಚಿತ್ರವನ್ನು ತಕ್ಷಣ ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿ ಕೆಳಗೆ ಬರೆದರು: "ನಿವಾಸಿಗಳ ಗಮನಕ್ಕೆ. ನಮ್ಮ ಬೀದಿಯಲ್ಲಿ ಸಂಚರಿಸುತ್ತಿರುವ ಈ ಸ್ಥೂಲಕಾಯದ ಅಪರಿಚಿತ ವ್ಯಕ್ತಿಯ ಬಗ್ಗೆ ಎಚ್ಚರದಿಂದಿರಿ."

ಬಾಗಿಲಲ್ಲಿ ನಿಂತಿದ್ದ ಕಸ್ತೂರಮ್ಮನ ಮೊಬೈಲು ಟಿಣ್ ಎಂದಿತು. ಒಂದು ಕೈಯಲ್ಲಿ ಹೋಳಿಗೆಯ ತಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ಅದನ್ನು ಓದಿಕೊಂಡರು. ಚಿತ್ರದಲ್ಲಿ ತಟ್ಟೆಯೂ ಇತ್ತು. ಹೋಳಿಗೆಯ ಸಮೇತ ಹಿಂದಿರುಗಿ ಹೋದರು.

ಬೀಗರಾಗಬೇಕಾದವರ ಒಡಹುಟ್ಟಿದ ತಂಗಿ. ಮಗಳ ಮದುವೆ ಮುರಿಯಲು ಹೊರಗಿನವರೇ ಬೇಕಾಗಿಲ್ಲ, ಮನೆಯಲ್ಲೇ ವ್ಯವಸ್ಥೆ ಇದೆ ಎಂದು ರುದ್ರಾಣಿಯಮ್ಮ ಪಾತ್ರೆಗಳಿಗೆ ಹೇಳಿದರು. ಬೆನಕಪ್ಪನವರು ಎದುರು ಮನೆಗೆ ಹೋಗಿ, ತಪ್ಪು ತಮ್ಮದಲ್ಲ, ಕ್ಯಾಮೆರಾದ್ದು ಎಂದು ವಿವರಿಸಿದರು. ಜಗಲಿಯ ಮೇಲಿದ್ದ ತಿಪ್ಪೇಶಪ್ಪನವರು ಪೇಪರಿನ ಹಿಂದಿನಿಂದ ಕೇಳಿಸಿಕೊಳ್ಳುತ್ತಿದ್ದರು.

"ಹಂಗಾರೆ ರಿಪೇರಿ ಮಾಡ್ಸಿ ತೋರ್ಸ್ರಿ ಕಂಟ್ರೋಲರ್ರೇ" ಎಂದರು ಕಸ್ತೂರಮ್ಮ. "ಅದರಾಗೆ ನನ್ನ ಕುತ್ತಿಗೆ ಕಂಡ ದಿನ ನಿಮ್ಮ ಮನೆ ಹೊಸ್ತಿಲು ತುಳಿತೀನಿ."

ಹೀಗೆ ಒಂದು ಹೆಣ್ಣಿನ ಮದುವೆ ಇನ್ನೊಂದು ಹೆಣ್ಣಿನ ಕುತ್ತಿಗೆಗೆ ಜೋತುಬಿತ್ತು.

ಮುತ್ತುರಾಜನಿಗೆ ಫೋನ್ ಹೋಯಿತು. ಆಫ್ ಮಾಡಿ ಆನ್ ಮಾಡಿ ಎಂದ. ಬೆನಕಪ್ಪನವರು ಸ್ವಿಚ್ಚು ಆರಿಸಿದ ಕೂಡಲೇ ದಸರೆ ರಜೆಯಲ್ಲೂ ನ್ಯಾಮತಿಯಲ್ಲಿ ವಿಶೇಷ ತರಗತಿ ನಡೆಸುತ್ತಿದ್ದ ಕಾವ್ಯಶ್ರೀಯ ಮೊಬೈಲು ಸೈರನ್ನಿನಂತೆ ಕೂಗಿಕೊಂಡಿತು. ಕ್ಯಾಮೆರಾ ಆರಿದರೆ ಅವಳಿಗೂ ಮುತ್ತುರಾಜನಿಗೂ ಎಚ್ಚರಿಕೆ ಹೋಗುವಂತೆ ವ್ಯವಸ್ಥೆಯಾಗಿತ್ತು. ಅವಳು ಮನೆಗೆ ಕಳ್ಳರು ನುಗ್ಗಿದ್ದಾರೆಂದು ಗಾಬರಿಯಿಂದ ಫೋನ್ ಮಾಡಿದಳು. ಅಪ್ಪಾಜಿಯೇ ನುಗ್ಗಿದ್ದಾರೆಂದು ರುದ್ರಾಣಿಯಮ್ಮ ಸಮಾಧಾನ ಮಾಡಿದರು.

ಬೀದಿಯವರು ತಂತಮ್ಮ ಜ್ಞಾನ ತಂದರು. ಟಿವಿಯ ತಲೆಗೆ ಎರಡು ಬಿಟ್ಟರೆ ಸರಿಹೋಗುತ್ತದೆ ಎಂದವರು ಹಳೆಯ ಕಾಲದವರು. ಬಿಟ್ಟು ನೋಡಿದರು, ಈಗಿನ ಟಿವಿಗೆ ತಲೆಯೇ ಇಲ್ಲ, ಗೋಡೆಗೆ ಪೆಟ್ಟಾಯಿತು. ಹಾಲಿನವನು ಎಮ್ಮೆಗೆ ಕಣ್ಣು ಮಂಜಾದಾಗ ಹಾಕುವ ಒಂದು ಸೊಪ್ಪಿನ ಹೆಸರು ಹೇಳಿದ. ಅವನೊಬ್ಬನೇ ಕಣ್ಣಿನ ಬಗ್ಗೆ ಮಾತಾಡಿದವನು, ಆದ್ದರಿಂದ ಎಲ್ಲರೂ ನಕ್ಕರು.

ಮುತ್ತುರಾಜ್ ಬೈಕಿನಲ್ಲಿ ಬಂದ. ಅವನ ಬೈಕಿಗೂ ಡ್ರಿಲ್ಲಿಂಗ್ ಮಷಿನ್ನಿಗೂ ಏಣಿಗೂ ವಿಭೂತಿ ಇತ್ತು. ಏಣಿ ಹತ್ತಿ, ಕ್ಯಾಮೆರಾವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ವಿಭೂತಿ ಅಳಿಸದಂತೆ ಬಹಳ ಹುಷಾರಾಗಿ ಹಿಂದಿನ ವೈರು ಬಿಚ್ಚಿದ. ಅಡಾಪ್ಟರ್ ಬದಲಾಯಿಸಿದ. ವೈರು ಬದಲಾಯಿಸಿದ. ಕ್ಯಾಮೆರಾದ ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿದ. ಇದರಿಂದ ಕುತ್ತಿಗೆ ಇಲ್ಲದಿರುವುದು ಇನ್ನೊಂದು ಕೋನದಿಂದ ಕಂಡಿತು.

"ಡಬ್ಬಿದೇನೂ ಪ್ರಾಬ್ಲಮ್ ಇಲ್ರಿ" ಎಂದ ಕೊನೆಗೆ. "ನಿಮ್ಮ ಬೀದಿಗೆ ಇಂಟರ್‌ನೆಟ್ಟೇ ಓರೆ ಬರ್ತಾ ಐತೆ."

ಬೆನಕಪ್ಪನವರು ಗಂಭೀರವಾಗಿ ತಲೆಯಾಡಿಸಿದರು. ಹೊನ್ನಾಳಿಯಿಂದ ಬರುವಾಗ ದಾರಿಯಲ್ಲಿ ಬಹಳ ತಿರುವುಗಳಿವೆ ಎಂಬುದು ಅವರಿಗೆ ಸರ್ವೀಸಿನಿಂದಲೇ ಗೊತ್ತಿದ್ದ ವಿಷಯ.

ಅದರ ಮರುಬೆಳಿಗ್ಗೆ ರುದ್ರಾಣಿಯಮ್ಮ ಅಂಗಳ ಗುಡಿಸಲು ಹೋದಾಗ ಹಳದಿ ದಾಸವಾಳದ ಗಿಡ ಬೋಳಾಗಿತ್ತು. ಬೆನಕಪ್ಪನವರು ಓಡಿಬಂದು ರೆಕಾರ್ಡಿಂಗ್ ನೋಡಿದರು. ನಸುಕಿನ ಬಿಳಿ ಮಂಜಿನ ನಡುವೆ ಒಂದು ಭಾರಿ ಆಕೃತಿ ಗೇಟಿನೊಳಗೆ ತೂರಿಕೊಂಡು ಬಂತು. ಕುತ್ತಿಗೆ ಇಲ್ಲ. ಸುತ್ತಲೂ ಪ್ರಭಾವಳಿ. ಒಂದು ಕಾಲನ್ನು ಎಳೆದಂತೆ ಹಾಕುತ್ತ, ಕೈಗಳೋ ಕೊಂಬೆಗಳೋ ತಿಳಿಯದಂತೆ ಗಿಡದೊಳಗೆ ಸೇರಿಹೋಗಿ, ಸ್ವಲ್ಪ ಹೊತ್ತು ಅಲುಗಾಡಿ, ಹೊರಟುಹೋಯಿತು.

ಗುಂಪಿಗೆ ಹಾಕಿದರು. ಬೀದಿಗೆ ಬೀದಿಯೇ ಎದ್ದು ಕುಳಿತಿತು. ಕರಡಿ ಎಂದು ಯಾರೋ ಮೊದಲು ಬರೆದರು. ಕರಡಿಯೇ ಎಂದು ನಾಲ್ಕು ಮಂದಿ ಅನುಮೋದಿಸಿದರು. ಊರ ಹೊರಗಿನ ಗುಡ್ಡದಲ್ಲಿ ಕರಡಿ ಇರುವುದು ಎಲ್ಲರಿಗೂ ಗೊತ್ತು. ಹೋದ ವರ್ಷ ಇಳಿದು ಬಂದು ದೇವಸ್ಥಾನದ ಎಣ್ಣೆ ಕುಡಿದಿತ್ತಂತೆ. ಮಧ್ಯಾಹ್ನಕ್ಕೆಲ್ಲ ಚಿತ್ರ ಹೊನ್ನಾಳಿ ಮುಟ್ಟಿ, ಸಂಜೆಗೆ ಜಗಳೂರಿನಿಂದ "ನಮ್ಮೂರಾಗೆ ಕಂಡ ಕರಡಿ" ಎಂಬ ಹೆಸರಿನಲ್ಲಿ ವಾಪಸು ಬಂತು. ಮಕ್ಕಳನ್ನು ಟ್ಯೂಷನ್ನಿಗೆ ಕಳಿಸುವುದು ನಿಂತಿತು. ಮಕ್ಕಳ ಪಾಲಿಗೆ ಕರಡಿ ಕುಲದೇವರಾಯಿತು.

ಅರಣ್ಯ ಇಲಾಖೆಯಿಂದ ವಾಚರ್ ನಿಂಗರಾಜ್ ಬಂದ. ಟಿವಿಯ ಮುಂದೆ ಬೀದಿಯೆಲ್ಲ ಸೇರಿತ್ತು. ಅವನು ಮೂರು ಸಲ ಹಾಕಿಸಿಕೊಂಡು ನೋಡಿದ.

"ಕರಡಿ ಮೈ, ಒಪ್ಪಿದೆ" ಎಂದ. "ಆದ್ರೆ ಕರಡಿ ಗೇಟಿನ ಚಿಲಕ ವಾಪಸ್ ಹಾಕ್ಕೊಂಡು ಹೋಗಲ್ರಿ."

ಎಲ್ಲರೂ ಮತ್ತೊಮ್ಮೆ ನೋಡಿದರು. ಹೌದು, ಆಕೃತಿ ಹೋಗುವಾಗ ತಿರುಗಿ ನಿಂತು ಚಿಲಕ ಹಾಕುತ್ತಿತ್ತು. ತರಬೇತಿ ಪಡೆದ ಕರಡಿ ಇರಬಹುದು, ಸರ್ಕಸ್ಸಿನದು, ಎಂದು ಒಬ್ಬರು ವಾದಿಸಿದರು. ಕರಡಿಯನ್ನು ಕಳೆದುಕೊಳ್ಳಲು ಬೀದಿಗೆ ಮನಸ್ಸಿರಲಿಲ್ಲ.

ಹಿರಿಯರ ಅಭಿಪ್ರಾಯ ಕೇಳೋಣ ಎಂದು ಎದುರು ಮನೆಯ ತಿಪ್ಪೇಶಪ್ಪನವರನ್ನು ಕರೆತಂದರು. ಅವರು ಬಂದು ನಡುವಿನ ಸೋಫಾದಲ್ಲಿ ಕುಳಿತು, ಕನ್ನಡಕ ಒರೆಸಿಕೊಂಡು, ತೀರ್ಪು ಕೊಡುವವರಂತೆ ನೋಡಿದರು.

"ಕರಡಿ ಅಲ್ಲ. ಮನುಷ್ಯನೇ" ಎಂದರು. "ನಡಿಗೆ ನೋಡ್ರಿ. ಒಳ್ಳೆ ಮನೆತನದೋನ ನಡಿಗೆ ಅಲ್ಲ ಅದು. ಉಂಡು ಉಂಡು ಮೈ ಬೆಳೆಸಿದಾನೆ, ಸಂಸ್ಕಾರ ಬೆಳೆಸಿಲ್ಲ."

ಈ ಮಾತು ಬೀದಿಗೆ ಹಿಡಿಸಿತು. ತಿಪ್ಪೇಶಪ್ಪನವರು ಮುಂದುವರಿಸಿದರು. ಸೋಮವಾರ ತಮ್ಮ ಮನೆಯವರೂ ಅರುಣನೂ ಬರುತ್ತಾರೆ, ಅಂದೇ ಹೂಂ ಅಥವಾ ಉಹೂಂ ಹೇಳಿಬಿಡುತ್ತೇನೆ ಎಂದರು. "ಅಷ್ಟರಾಗೆ ಈ ಕಳ್ಳನ ಮುಖ ತೋರ್ಸ್ರಿ ಕಂಟ್ರೋಲರ್ ಸಾಹೇಬ್ರೇ. ಮನೆ ಮುಂದಿನ ಹೂವು ಕಾಯಾಕೆ ಬರದೋರು ಮನೆತನ ಹೆಂಗೆ ಕಾಯ್ತಾರೆ?"

ಬೆನಕಪ್ಪನವರು ಎದ್ದು ನಿಂತರು. ಬಾಯಿಂದ ಹಳೆಯ ಮೈಕಿನ ಸ್ವರ ತಾನಾಗಿ ಬಂತು. ಸೋಮವಾರ ಬೆಳಿಗ್ಗೆ ತಿಂಡಿಯ ವೇಳೆಗೆ ಕಳ್ಳನ ಮುಖ ಇದೇ ಟಿವಿಗೆ ಆಗಮಿಸಲಿದೆ ಎಂದು ಘೋಷಿಸಿದರು. ತಮ್ಮ ಸರ್ವೀಸಿನಲ್ಲಿ ಅವರು ಘೋಷಿಸಿದ ಎಷ್ಟೋ ಬಸ್ಸುಗಳು ಬಂದಿರಲಿಲ್ಲ. ಅದನ್ನು ಆಗ ಯಾರೂ ನೆನಪಿಸಿಕೊಳ್ಳಲಿಲ್ಲ.

ಶನಿವಾರ ಬೆಳಿಗ್ಗೆ ಸೋಮವಾರದ ತಿಂಡಿಗೆ ಕರೆಯಲು ಬೆನಕಪ್ಪನವರು ಎದುರು ಮನೆಗೆ ಹೋದರು. ತಿಪ್ಪೇಶಪ್ಪನವರು ಪಡಸಾಲೆಯ ಮೂಲೆಯಲ್ಲಿ ಮಣೆಯ ಮೇಲೆ ಕುಳಿತು, ಎಡ ಅಂಗೈಯಲ್ಲಿ ಲಿಂಗ ಹಿಡಿದು, ಕಣ್ಣು ಮುಚ್ಚಿ ಪೂಜೆಯಲ್ಲಿದ್ದರು. ಪೂಜೆಗೆ ಅಡ್ಡಿಯಾಗಬಾರದೆಂದು ಬೆನಕಪ್ಪನವರು ಕಂಬದ ಪಕ್ಕ ನಿಂತರು. ಆಗ ಪೂಜೆಯ ತಟ್ಟೆ ಕಂಡಿತು. ತಟ್ಟೆಯ ತುಂಬ ತಿಳಿಹಳದಿ ದಾಸವಾಳ, ಇಬ್ಬನಿ ಸಮೇತ. ಪಕ್ಕದಲ್ಲಿ ಮಡಿಸಿಟ್ಟ ಪ್ಲಾಸ್ಟಿಕ್ ಕವರ್. ಪೂಜೆ ಮುಗಿಸಿ ಎದ್ದ ತಿಪ್ಪೇಶಪ್ಪನವರು ಬೆಳಗಿನ ಹೊತ್ತು ಹಿಡಿದುಕೊಳ್ಳುವ ಮಂಡಿಯನ್ನು ನೀವಿಕೊಂಡು ಒಂದು ಕಾಲು ಎಳೆದು ನಾಲ್ಕು ಹೆಜ್ಜೆ ಹಾಕಿದರು. ಆ ನಡಿಗೆಯನ್ನು ಬೆನಕಪ್ಪನವರು ಟಿವಿಯಲ್ಲಿ ಎಷ್ಟು ಸಲ ನೋಡಿದ್ದರೆಂದರೆ ಕನಸಿನಲ್ಲೂ ಗುರುತಿಸಬಲ್ಲವರಾಗಿದ್ದರು.

ಬೆನ್ನು ತೋರಿಸದೆ ಹಿಂದೆ ಹಿಂದೆ ಸರಿದು ಹೊರಬಿದ್ದು ಮನೆ ಸೇರಿ ಬಾಗಿಲು ಹಾಕಿಕೊಂಡರು.

"ಕಳ್ಳ ಸಿಕ್ಕ" ಎಂದರು ರುದ್ರಾಣಿಯಮ್ಮನಿಗೆ.

"ಯಾರು?"

"ಬೀಗರು."

ರುದ್ರಾಣಿಯಮ್ಮ ಒಗ್ಗರಣೆ ಸೌಟು ಕೆಳಗಿಟ್ಟು ಲೆಕ್ಕ ಹಾಕಿದರು. ಟಿವಿಯಲ್ಲಿರುವುದು ತಾವೇ ಎಂದು ತಿಪ್ಪೇಶಪ್ಪನವರಿಗೇ ಗೊತ್ತಾಗಿಲ್ಲ, ಚಿತ್ರ ಅಷ್ಟು ಕೆಟ್ಟಿದೆ. ಅವರ ಪ್ರಕಾರ ಅವರು ಶಿವನಿಗೆ ನಾಲ್ಕು ಹೂವು ಕಿತ್ತಿದ್ದಾರೆ, ಇನ್ನಾವನೋ ಸಂಸ್ಕಾರವಿಲ್ಲದವನು ಬೇರೆ ಕದಿಯುತ್ತಿದ್ದಾನೆ. "ಗಿಡಾನೇ ಕಿತ್ಕೊಂಡು ಹೋಗ್ಲಿ ಬಿಡ್ರಿ. ಹುಡುಗಿ ಮದುವೆ ಆಗ್ಬೇಕು. ಸೋಮವಾರ ಆ ಟಿವಿಯಾಗೆ ಮುಖ ಕಂಡ್ರೆ ಅವ್ರು ಈ ಜನ್ಮದಾಗೆ ಈ ಬೀದಿಗೆ ಬರಲ್ಲ."

ಬೆನಕಪ್ಪನವರಿಗೆ ಸಮಾಧಾನವಾಯಿತು. ಕಾಣುವ ಭಯವೇ ಇರಲಿಲ್ಲ. ಬೀದಿಗೆ ಓರೆಯಾಗಿ ಬರುವ ಇಂಟರ್‌ನೆಟ್ಟಿನ ಬಗ್ಗೆ ಅವರಲ್ಲಿ ಮೊದಲ ಬಾರಿ ಭಕ್ತಿ ಮೂಡಿತು. ಮುತ್ತುರಾಜನಿಗೆ ಫೋನ್ ಮಾಡಿ, ಇನ್ನು ರಿಪೇರಿಗೆ ಬರುವುದು ಬೇಡ, ಇದೇ ಚೆನ್ನಾಗಿದೆ, ಕಣ್ಣಿಗೆ ತಂಪಾಗಿದೆ ಎಂದರು.

ಭಾನುವಾರ ಮಧ್ಯಾಹ್ನ ಕಾವ್ಯಶ್ರೀ ಬಂದಳು. ಒಳಗೆ ಬರುವ ಮುಂಚೆ ತಲೆ ಎತ್ತಿ ನೋಡಿದಳು. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಹುಡುಗಿ. ಬ್ಯಾಗನ್ನೂ ಇಳಿಸದೆ ಸ್ಟೂಲ್ ಹತ್ತಿ, ದುಪಟ್ಟಾದ ತುದಿಗೆ ಒಂದು ಉಸಿರು ಊದಿ, ಎರಡು ಸುತ್ತು ಒರೆಸಿದಳು. ಒಳಗೆ ಟಿವಿಯಲ್ಲಿ ಅವಳ ಮುಖ ಮೊಡವೆಯ ಸಮೇತ ಬೆಳಗಿತು. ಹಿಂದೆ ಗೇಟು ನೆಟ್ಟಗಾಯಿತು. ತುಳಸಿಕಟ್ಟೆ ಒಂದಾಯಿತು. ಕಾಂಪೌಂಡಿನ ಮೇಲಿನ ಇರುವೆಗಳಿಗೂ ಕುತ್ತಿಗೆ ಬಂತು.

"ಅಪ್ಪಾಜಿ, ಬರೀ ವಿಭೂತಿ" ಎಂದು ನಗುತ್ತ ಒಳಗೆ ಬಂದಳು. ಅಪ್ಪಾಜಿ ಸೋಫಾದಲ್ಲಿ ಕುಸಿದಿದ್ದರು. ಸಂತೋಷ ತಡೆಯಲಾಗುತ್ತಿಲ್ಲ ಎಂದುಕೊಂಡ ಅವಳು, ಕ್ಯಾಮೆರಾ ಸರಿಯಾಯಿತೆಂದು ಮುತ್ತುರಾಜನಿಗೂ ತಿಳಿಸಿಬಿಟ್ಟಳು.

ಬೆನಕಪ್ಪನವರ ಸ್ಥಿತಿಯನ್ನು ಈಗ ನಿಧಾನವಾಗಿ ಪರಿಶೀಲಿಸಬೇಕು. ನಾಳೆ ಸೋಮವಾರ, ಶಿವನ ವಾರ. ಬೀಗರು ನಸುಕಿನಲ್ಲಿ ಹೂವಿಗೆ ಬಂದೇ ಬರುತ್ತಾರೆ. ಕ್ಯಾಮೆರಾ ಅವರ ಮುಖವನ್ನು ಮೀಸೆಯ ಒಂದೊಂದು ಕೂದಲಿನ ಸಮೇತ ಹಿಡಿಯುತ್ತದೆ. ತಿಂಡಿಯ ಹೊತ್ತಿಗೆ ಅದೇ ಮುಖ ಅದೇ ಮುಖದ ಮುಂದೆ ಟಿವಿಯಲ್ಲಿ ಬರುತ್ತದೆ. ಕ್ಯಾಮೆರಾ ಆರಿಸೋಣವೆಂದರೆ ಮಗಳ ಮೊಬೈಲು ಕೂಗುತ್ತದೆ. ಮಗಳಿಗೆ ಹೇಳೋಣವೆಂದರೆ, ನಿನ್ನ ಮಾವನಾಗುವವರು ಹೂಗಳ್ಳರು ಎಂದು ಯಾವ ತಂದೆ ಹೇಳಿಯಾನು? ಸಂಜೆಯೇ ನಾಳೆಗೆ ಅರಳುವ ಮೊಗ್ಗನ್ನೆಲ್ಲ ಬುಟ್ಟಿಗೆ ಕಿತ್ತು, "ಪೂಜೆಗಿರಲಿ" ಎಂದು ಎದುರು ಮನೆಗೆ ಕಳಿಸಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಅಷ್ಟು ಸರಳವಾದ ಉಪಾಯ ಹೊಳೆಯಬೇಕಾದರೆ ಮನುಷ್ಯ ಎಂದೂ ಕಂಟ್ರೋಲರ್ ಆಗಿರಬಾರದು.

ರುದ್ರಾಣಿಯಮ್ಮ ಸಂಜೆಯ ದೀಪ ಹಚ್ಚುವ ಹೊತ್ತಿಗೆ ಬೆನಕಪ್ಪನವರು ವಿಭೂತಿ ಗಟ್ಟಿ ಹಿಡಿದು ಸದ್ದಿಲ್ಲದೆ ಸ್ಟೂಲ್ ಹತ್ತಿದರು.

ಸೋಮವಾರ ಬೀಗರ ಕಡೆಯವರು ಬಂದರು. ತಿಪ್ಪೇಶಪ್ಪನವರು, ಹಿಂದಿನ ದಿನವೇ ಜಗಳೂರಿನಿಂದ ಬಸ್ಸಿನಲ್ಲಿ ಬಂದಿಳಿದ ಅವರ ಹೆಂಡತಿ, ಇಸ್ತ್ರಿ ಶರ್ಟಿನ ಅರುಣ್ ಕುಮಾರ್. ಕುತ್ತಿಗೆ ಕಾಣುವ ನಿರೀಕ್ಷೆಯಲ್ಲಿ ಹೊಸ ಸರ ಹಾಕಿಕೊಂಡ ಕಸ್ತೂರಮ್ಮ. ಕಳ್ಳನನ್ನು ನೋಡಲು ಬೀದಿಯವರು ಕಿಟಕಿಗೂ ಬಾಗಿಲಿಗೂ ತುಂಬಿದ್ದರು. ಉಪ್ಪಿಟ್ಟು, ಕೇಸರಿಬಾತು ಬಂತು. ಬೆನಕಪ್ಪನವರು ಟಿವಿಯ ರಿಮೋಟಿನ ಮೇಲೆಯೇ ಕುಳಿತಿದ್ದರು.

ಆಗ ಕರೆಯದೆಯೇ ಮುತ್ತುರಾಜ್ ಬಂದ. ಕ್ಯಾಮೆರಾ ಸರಿಯಾದ ಕೀರ್ತಿ ತನ್ನ ಅಡಾಪ್ಟರಿನದು ಎಂದು ಸಭೆಗೆ ತಿಳಿಸುವುದು ಅವನ ಉದ್ದೇಶವಾಗಿತ್ತು. ರಿಮೋಟು ಬೇಕಾಗಲಿಲ್ಲ, ತನ್ನ ಮೊಬೈಲಿನಿಂದಲೇ ಟಿವಿ ಹಚ್ಚಿದ. ಬೆಳಗಿನ ಜಾವದ ಚಿತ್ರ ಬಂತು. ಮಂಜು, ಪ್ರಭಾವಳಿ, ಕುತ್ತಿಗೆಯಿಲ್ಲದ ಆಕೃತಿ, ಎಳೆಯುವ ಕಾಲು. ಬೀದಿ ನಿಟ್ಟುಸಿರು ಬಿಟ್ಟಿತು. ಬೆನಕಪ್ಪನವರೂ ಬಿಟ್ಟರು, ಅವರದು ಬೇರೆ ಜಾತಿಯ ನಿಟ್ಟುಸಿರು.

"ಅದೇ ಅವನೇ" ಎಂದು ತಿಪ್ಪೇಶಪ್ಪನವರು ಕೇಸರಿಬಾತಿನಿಂದ ತಲೆ ಎತ್ತಿ ಹೆಂಡತಿಗೆ ತೋರಿಸಿದರು. "ನಾಚಿಕೆ ಇಲ್ಲದೋನು."

ಮುತ್ತುರಾಜನಿಗೆ ಅವಮಾನವಾಯಿತು. "ಇರ್ರಿ, ನಿನ್ನೆ ಕ್ಲಿಯರ್ ಇತ್ತಂತೆ. ನನ್ನ ಕ್ಯಾಮೆರಾದ ಕ್ಲಾರಿಟಿ ನೋಡ್ರಿ" ಎಂದು ಹಿಂದಕ್ಕೆ ಓಡಿಸಿದ.

ಟಿವಿಯಲ್ಲಿ ಸಂಜೆಯ ಅಂಗಳ ಕನ್ನಡಿಯಂತೆ ಬಂತು. ಕೆಳಗಿನಿಂದ ಒಂದು ಬಕ್ಕತಲೆ ಉದಯಿಸಿತು. ನಂತರ ಹಣೆ, ಹುಬ್ಬು, ಕೊನೆಗೆ ಬೆನಕಪ್ಪನವರ ಮೂಗು ನಲವತ್ತಮೂರು ಇಂಚು ತುಂಬಿತು. ಹೊಳ್ಳೆಗಳು ಏದುಸಿರಿಗೆ ಹಿಗ್ಗಿ ಕುಗ್ಗಿದವು. ಒದ್ದೆ ವಿಭೂತಿಯ ಮೂರು ಬೆರಳು ಸಭೆಯ ಕಡೆಗೆ ಬಂದವು. ಮುಂದಿನ ಸಾಲಿನವರು ಅರಿವಿಲ್ಲದೆ ಹಣೆ ಒಡ್ಡಿದರು. ಆಮೇಲೆ, ಮುತ್ತುರಾಜ್ ಹೊಗಳಿದ್ದ ಆ ಇನ್ನೊಂದು ಸೌಲಭ್ಯದ ದಯೆಯಿಂದ, ಸ್ವರ ಕೇಳಿಸಿತು.

"ಶಿವನೇ, ತಪ್ಪು ತಿಳ್ಕೋಬ್ಯಾಡ. ನಿನ್ನ ವಿಭೂತೀನೇ ನಿನ್ನ ಭಕ್ತನ ಮುಖ ಮುಚ್ಚಲಿ. ಬೀಗರು ಹೂವು ಒಯ್ಯಲಿ, ಟೊಂಗೆ ಒಯ್ಯಲಿ, ಬೇಕಾದ್ರೆ ಗೇಟೂ ಒಯ್ಯಲಿ. ಅವ್ರ ಮುಖ ಮಾತ್ರ ಇದರಾಗೆ ಬೀಳಬಾರದು. ನನ್ನ ಮಗಳು ಆ ಮನೆ ಸೇರಬೇಕಪ್ಪಾ."

ಬೆರಳುಗಳು ಎಡದಿಂದ ಬಲಕ್ಕೆ ಹರಿದವು. ಟಿವಿ ಬೆಳ್ಳಗಾಯಿತು.

ಕಾವ್ಯಶ್ರೀ ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು; ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಅರುಣ್ ಕುಮಾರ್ ತಂದೆಯನ್ನು ನೋಡುವ ಬದಲು ಉಪ್ಪಿಟ್ಟಿನಲ್ಲಿ ಏನನ್ನೋ ಸರ್ವೆ ಮಾಡುತ್ತಿದ್ದ.

ತಿಪ್ಪೇಶಪ್ಪನವರು ಚಮಚ ಕೆಳಗಿಟ್ಟರು. ಆಮೇಲೆ ತಂಗಿಯ ಕಡೆ ತಿರುಗಿದರು.

"ಕಸ್ತೂರಿ, ನಾನು ಅಷ್ಟು ದಪ್ಪ ಐದೀನಾ?"

"ಮೊದಲ ದಿನ ಅದು ನನ್ನನ್ನ ಹಂಗೇ ತೋರಿಸ್ತು ಅಣ್ಣಾ" ಎಂದರು ಕಸ್ತೂರಮ್ಮ. "ಪೇಪರ್ ಹಿಂದೆ ನೀನು ನಗ್ತಿದ್ದೆ."

"ನಡಿಗೆ ಒಳ್ಳೆ ಮನೆತನದ್ದಲ್ಲ ಅಂತ ಬೇರೆ ಅಂದಿದ್ರಂತೆ" ಎಂದು ಅವರ ಹೆಂಡತಿ ಮೆಲ್ಲಗೆ ಸೇರಿಸಿದರು. "ಸಂಸ್ಕಾರದ ಮಾತೂ ಬಂದಿತ್ತಂತೆ. ಜಗಳೂರಿಗೂ ಬಂತು ಅದು, ವಾಟ್ಸಾಪಿನಾಗೆ."

ಮೊದಲು ತಿಪ್ಪೇಶಪ್ಪನವರ ಹೊಟ್ಟೆ ಅಲುಗಿತು. ಆಮೇಲೆ ಭುಜ. ಕೊನೆಗೆ ನಗು ಬಾಯಿ ಮುಟ್ಟಿತು. ಅವರು ನಗುವವರೆಗೆ ಕಾದಿದ್ದ ಬೀದಿ ಒಮ್ಮೆಲೇ ನಕ್ಕಿದ್ದರಿಂದ ಕಿಟಕಿಯ ಪರದೆ ಕಳಚಿ ಬಿತ್ತು. ನಿಂಗರಾಜ್ ಬಾಗಿಲಲ್ಲಿ ನಿಂತು, ಕರಡಿ ಪ್ರಕರಣ ಮುಗಿಯಿತು ಎಂದು ಮೇಲಿನವರಿಗೆ ಫೋನ್ ಮಾಡುತ್ತಿದ್ದ.

ತಿಪ್ಪೇಶಪ್ಪನವರು ಕಣ್ಣು ಒರೆಸಿಕೊಂಡು ಬೆನಕಪ್ಪನವರ ಕೈ ಹಿಡಿದರು. "ಮನೆತನ ನೋಡಾಕೆ ಬಂದಿದ್ದೆ. ದಿನಾ ಈ ಮನೆ ಮುಂಬಾಗಿಲು ನೋಡ್ತಾ ಕುಂತೆ, ಏನೂ ಕಾಣ್ಲಿಲ್ಲ. ಇನ್ನೊಬ್ಬರ ಮಾನ ಮುಚ್ಚಾಕೆ ಈ ವಯಸ್ನಾಗೆ ಸ್ಟೂಲ್ ಹತ್ತಿದ್ರಲ್ಲ ಬೀಗರೇ, ಇನ್ನೇನು ನೋಡ್ಲಿ?" ಆಮೇಲೆ ದನಿ ತಗ್ಗಿಸಿ, "ಆ ಹಳದಿ ಹೂವು ನೋಡಿದ್ರೆ ಕೈ ನಿಲ್ಲಲ್ರೀ. ಜಗಳೂರಾಗೆ ಕೇಳಿ ತಗೊಳ್ಳಾಕೂ ಅಂಥದ್ದಿಲ್ಲ" ಎಂದರು.

ಬೀಗರೇ ಎಂದ ಮಾತು ಅಡುಗೆಮನೆಯ ಬಾಗಿಲು ಮುಟ್ಟಿತು. ಲೋಟಗಳ ಸದ್ದು ನಿಂತಿತು. ರುದ್ರಾಣಿಯಮ್ಮ ತಾಂಬೂಲದ ತಟ್ಟೆ ತರಲು ಓಡಿದರು. ಕಸ್ತೂರಮ್ಮ ಮನೆಗೆ ಹೋಗಿ ಹೋಳಿಗೆ ತಂದರು. ಕುತ್ತಿಗೆ ಕಂಡಿರಲಿಲ್ಲ, ಆದರೆ ಅಣ್ಣನಿಗೂ ಇಲ್ಲ ಎಂದು ಇಡೀ ಬೀದಿಗೆ ಗೊತ್ತಾದ ಮೇಲೆ ಅವರಿಗೆ ಹಟ ಉಳಿದಿರಲಿಲ್ಲ.

ಕ್ಯಾಮೆರಾದ ಕಣ್ಣು ಒರೆಸಬೇಕೆಂದು ಕಾವ್ಯಶ್ರೀ ದುಪಟ್ಟಾ ಹಿಡಿದು ಹೊರಟಳು. ರುದ್ರಾಣಿಯಮ್ಮ ತಡೆದರು. ಇಷ್ಟು ದಿನ ನೆಟ್ಟಗೆ ನೋಡಿ ಅದು ಮಾಡಿದ್ದೇನೂ ಇಲ್ಲ, ಓರೆಯಾಗಿ ನೋಡಿ ಒಂದು ಮದುವೆ ಮಾಡಿಸಿದೆ, ಇರಲಿ ಬಿಡು ಎಂದರು.

ಮರುದಿನ ಬೆಳಿಗ್ಗೆ ಬೀದಿಯ ವಾಟ್ಸಾಪ್ ಗುಂಪಿಗೆ ಕಸ್ತೂರಮ್ಮ ಒಂದು ಚಿತ್ರ ಹಾಕಿದರು. ಮೊಬೈಲಿನಲ್ಲಿ ಆ ಕ್ಯಾಮೆರಾ ನೋಡುವ ಹಕ್ಕನ್ನು ಈಗ ಬೀಗರ ಕಡೆಯವರಿಗೂ ಕೊಟ್ಟಾಗಿತ್ತು. ನಸುಕಿನ ಬಿಳಿ ಮಂಜಿನಲ್ಲಿ, ಹಳದಿ ದಾಸವಾಳದ ಗಿಡದ ಪಕ್ಕ, ಗೇಟಿನಷ್ಟೇ ಅಗಲದ ಎರಡು ಆಕೃತಿಗಳು. ಒಂದು ಟೊಂಗೆ ಬಗ್ಗಿಸಿ ಹಿಡಿದಿತ್ತು, ಇನ್ನೊಂದು ಕೀಳುತ್ತಿತ್ತು. ಇಬ್ಬರಿಗೂ ಕುತ್ತಿಗೆ ಇರಲಿಲ್ಲ.

ಕೆಳಗೆ ಬರೆದಿತ್ತು: "ನಿವಾಸಿಗಳ ಗಮನಕ್ಕೆ. ಕಳ್ಳರು ಈಗ ಇಬ್ಬರಾಗಿದ್ದಾರೆ."